ಗುರುವಾರ ಮಧ್ಯಾಹ್ನದೊಳಗೆ ಆಕ್ಷೇಪ ಬಾರದಿದ್ದರೆ

ಮನೆ, ಅಡುಗೆಮನೆಯ ಮೇಜು
ಸೋಮವಾರ, ಅಕ್ಟೋಬರ್ 14

ಪ್ರೀತಿಯ ರೀ,

ನಿಮ್ಮ ಇಲಾಖೆಯವರು ನಿಮ್ಮ ಹೆಸರಿನ ಹಿಂದೆ ಮುಂದೆ ಎಷ್ಟು ಬಿರುದು ಬೇಕಾದರೂ ಅಂಟಿಸಿಕೊಳ್ಳಲಿ, ಮದುವೆಯಾದಂದಿನಿಂದ ನನ್ನ ಬಾಯಿಗೆ ಬರುವುದು ಇದೊಂದೇ ಅಕ್ಷರ.

ಸೊಂಟನೋವು ಹೇಗಿದೆ? ಹೋದ ವಾರದ ಕಾಗದದಲ್ಲಿ ‘ಪರಿಸ್ಥಿತಿ ಸ್ಥಿರವಾಗಿದೆ, ಆದರೂ ಸೂಕ್ಷ್ಮವಾಗಿದೆ’ ಎಂದು ಬರೆದಿದ್ದೀರಿ. ಅದು ಸೊಂಟದ ವಿಷಯವೋ ಗಡಿಯ ವಿಷಯವೋ ಎಂದು ಎರಡು ಸಲ ಓದಿದರೂ ತಿಳಿಯಲಿಲ್ಲ. ಮಾತುಕತೆಯ ಮಧ್ಯೆ ಎದ್ದು ಸ್ವಲ್ಪ ಓಡಾಡಿ. ‘ನಾನು ಎದ್ದರೆ ಪತ್ರಿಕೆಯವರು ಸಭಾತ್ಯಾಗ ಎಂದು ಬರೆಯುತ್ತಾರೆ’ ಎನ್ನಬೇಡಿ. ಸೊಂಟ ಹಿಡಿದುಕೊಂಡು, ಅಯ್ಯೋ ಎಂದು ಎದ್ದರೆ ಯಾರೂ ಹಾಗೆ ಬರೆಯುವುದಿಲ್ಲ. ಮಾತ್ರೆ ಊಟವಾದ ಮೇಲೆಯೇ ತೆಗೆದುಕೊಳ್ಳಿ. ನಾನು ಚೆನ್ನಾಗಿದ್ದೇನೆ. ಬಚ್ಚಲಿನ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ‘ಸಂಬಂಧಪಟ್ಟವರ ಜೊತೆ ಸಂಪರ್ಕದಲ್ಲಿದ್ದೇನೆ’ ಎಂದು ನೀವು ಹೇಳಿಹೋದ ಆ ನಲ್ಲಿಯೇ. ಕೆಳಗೆ ಬಕೆಟ್ ಇಟ್ಟಿದ್ದೇನೆ.

ಮೊನ್ನೆ ಟಿವಿಯಲ್ಲಿ ನಿಮ್ಮನ್ನು ನೋಡಿದೆವು. ನಾನು ಮತ್ತು ನಮ್ಮ ಪಿಟೀಲು. ತೊಟ್ಟಿಲಲ್ಲಿ ಸಣ್ಣ ದನಿಯಲ್ಲಿ ಅಳುತ್ತಿದ್ದಳು ಎಂದು ನೀವೇ ಮಗಳಿಗೆ ಇಟ್ಟ ಹೆಸರು. ಈಗ ಕೃತಕ ಕಾಲು ಮಾಡುವಷ್ಟು ದೊಡ್ಡವಳಾದರೂ ಅದು ಹೋಗಿಲ್ಲ. ಕಣಿವೆಗಾಗಿ ಹೊಡೆದಾಡಿಕೊಂಡ ಆ ಎರಡು ದೇಶಗಳೂ ನೆಲಬಾಂಬು ಹೂತ ಜಾಗದ ನಕ್ಷೆಗಳನ್ನು ಒಪ್ಪಿಸಬೇಕು ಎಂಬ ನಿರ್ಣಯ ಮತಕ್ಕೆ ಬಂದಿತ್ತು. ಹೌದು ಎಂದವರಿಗೆ ಹಸಿರು ದೀಪ, ಇಲ್ಲ ಎಂದವರಿಗೆ ಕೆಂಪು. ನಮ್ಮ ದೇಶದ ಮುಂದೆ ಹಳದಿ ದೀಪ ಹತ್ತಿತು. ಆಮೇಲೆ ನೀವು ಮೈಕಿನ ಮುಂದೆ ಬಗ್ಗಿ, ನಾವು ಯಾಕೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ ಎಂಬುದನ್ನು ವಿವರಿಸಿದಿರಿ. ಮುಗಿದ ಮೇಲೆ ಎರಡೂ ಕಡೆಯ ರಾಯಭಾರಿಗಳು ಬಂದು ನಿಮ್ಮ ಕೈ ಕುಲುಕಿದರು. ಇಬ್ಬರ ಮುಖದಲ್ಲೂ ನಗು. ಪಿಟೀಲು ಎದ್ದು ಟಿವಿ ಆರಿಸಿದಳು. ಏನಾದರೂ ಹೇಳಬೇಕಲ್ಲ ಎಂದು ನಾನು, ಅಪ್ಪನ ಟೈ ಸೊಟ್ಟಗಿತ್ತು ಎಂದೆ. ‘ಅದೊಂದಾದ್ರೂ ಒಂದು ಕಡೆಗೆ ವಾಲಿತ್ತಲ್ಲ’ ಎಂದು ಕೋಣೆಗೆ ಹೋದಳು.

ಅದು ದೇಶದ ನಿಲುವು, ನಿಮ್ಮದಲ್ಲ. ಮೇಲಿನಿಂದ ಬಂದದ್ದನ್ನು ನೀವು ಓದುತ್ತೀರಿ, ಅಷ್ಟೇ. ಇಬ್ಬರೂ ನಮ್ಮ ಮಾತು ಕೇಳಬೇಕಾದರೆ ಇಬ್ಬರೂ ನಮ್ಮನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕು ಎಂದು ನೀವು ಹೇಳಿದ್ದು ನನಗೆ ನೆನಪಿದೆ, ಅದರಲ್ಲಿ ಹುರುಳಿದೆ ಎಂದೂ ಒಪ್ಪುತ್ತೇನೆ. ಕಣಿವೆಯಲ್ಲಿ ಕದನವಿರಾಮ ಇಷ್ಟು ತಿಂಗಳು ನಿಂತಿರುವುದರಲ್ಲಿ ನಿಮ್ಮ ಸೊಂಟದ ಪಾಲೂ ಇದೆ. ಆದರೆ ಆ ತಟಸ್ಥತೆಯ ಕೋಟನ್ನು ಮನೆಯ ಬಾಗಿಲಲ್ಲಾದರೂ ಕಳಚಿಡಬಾರದೇ? ತಲೆ ಚಿಟ್ಟು ಹಿಡಿದುಹೋಗಿದೆ ನನಗೆ.

ಪಿಟೀಲು ನಿಮಗೆ ಬರೆದ ಕಾಗದ ಎಷ್ಟು ಉದ್ದವಿತ್ತು ಎಂದು ನನಗೆ ಗೊತ್ತು, ಏಕೆಂದರೆ ಲಕೋಟೆಗೆ ಅಂಟು ಹತ್ತದೆ ನಾನೇ ಟೇಪು ಹಾಕಿದೆ. ಕಣಿವೆಯ ಆಸ್ಪತ್ರೆಯವರು ಆರು ತಿಂಗಳಿಗೆ ಕರೆದಿದ್ದಾರೆ, ಅಲ್ಲಿ ಕಾಲು ಕಳೆದುಕೊಂಡವರು ಬಹಳ, ಕಾಲು ಕೂರಿಸಲು ಬಲ್ಲವರು ಇಲ್ಲ, ಒಮ್ಮೊಮ್ಮೆ ಗುಂಡು ಹಾರುತ್ತದೆ, ಹೋಗಲೇ, ಬೇಡವೇ ಎಂದು ಕೇಳಿದ್ದಳು. ನೀವು ಕಳಿಸಿದ್ದು ಒಂದೇ ಒಂದು ಪ್ಯಾರಾ. ಅವಳ ಸದಾಶಯವನ್ನು ಮೆಚ್ಚುತ್ತೀರಿ, ಅಮ್ಮನ ಕಳವಳವನ್ನೂ ಅರ್ಥಮಾಡಿಕೊಳ್ಳುತ್ತೀರಿ, ಎಲ್ಲರೂ ಸಂಯಮದಿಂದ ಮಾತಾಡಿ ಬಗೆಹರಿಸಿಕೊಳ್ಳಲಿ ಎಂದು ಆಶಿಸುತ್ತೀರಿ. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೂ ಒಂದು ಮಿತಿ ಬೇಡವೇ? ಇದೇ ಮೇಜಿನ ಮೇಲೆ ಅದನ್ನು ನಡುವೆ ಇಟ್ಟುಕೊಂಡು ಓದಿದೆವು. ‘ನೋಡು, ಅಪ್ಪ ಹೋಗು ಅಂದಿದ್ದಾರೆ’ ಎಂದಳು ಅವಳು. ಬೇಡ ಅಂದಿದ್ದಾರೆ ನೋಡು ಎಂದೆ ನಾನು. ಇಬ್ಬರಿಗೂ ನಿಮ್ಮ ಮೇಲೆ ಒಂದು ಗಳಿಗೆ ಬಹಳ ಪ್ರೀತಿ ಬಂತು. ಆಮೇಲೆ ಶುರುವಾಯಿತು ನೋಡಿ ಜಗಳ. ಎರಡು ದಿನ ಅವಳು ಮುಖ ಊದಿಸಿಕೊಂಡು ಕಾರ್ಯಾಗಾರದಲ್ಲೇ ಊಟ ಮಾಡಿದಳು. ನಾನು ಇಲ್ಲಿ ಬಕೆಟ್ಟಿನ ಸದ್ದು ಕೇಳುತ್ತಾ ಒಬ್ಬಳೇ ಉಂಡೆ. ಆ ರಾಯಭಾರಿಗಳು ನಿಮ್ಮ ಕೈ ಕುಲುಕಿ ಹೊರಗೆ ಹೋದ ಮೇಲೆ ಏನು ಮಾಡಿಕೊಳ್ಳುತ್ತಾರೆ ಎಂದು ನನಗೆ ಈಗ ಗೊತ್ತಾಗಿದೆ.

ಶುಕ್ರವಾರ ಅವಳು ಮನೆಗೆ ಬಂದಳು, ಕೂದಲಲ್ಲೆಲ್ಲ ಕಾಲಿನ ಅಚ್ಚು ತೆಗೆಯುವ ಗಾರೆಯ ಬಿಳಿ ಪುಡಿ. ಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದು ಏನೋ ಹುಡುಕಿ, ತಲೆ ತೊಳೆಯಲು ಹೋದಳು. ತಟ್ಟೆ ಇಡಲು ಜಾಗ ಮಾಡುತ್ತಿದ್ದೆ, ಕೈಗೆ ಒಂದು ಪಾದ ಸಿಕ್ಕಿತು. ರಬ್ಬರಿನದು, ನನ್ನ ಅಂಗೈಗಿಂತ ಸ್ವಲ್ಪ ಉದ್ದ. ಬೆರಳುಗಳಿಗೆ ಉಗುರು ಕೂಡ ಕೊರೆದಿದ್ದಳು. ಇಷ್ಟು ಚಿಕ್ಕದು ಯಾರಿಗೆ ಎಂದು ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದೆ. ‘ಅಲ್ಲಿನ ಅಳತೇನೇ ಅದು ಅಮ್ಮ, ಹೆಚ್ಚು ಬೇಕಾಗಿರೋದು ಅದೇ’ ಎಂದಳು. ಅವಳಿಗೆ ಮೊದಲ ಬೂಟು ತಂದಾಗ ನೀವು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಪಕ್ಕದ ಮನೆಗಳಿಗೆಲ್ಲ ತೋರಿಸಿ ಬಂದಿದ್ದಿರಿ. ಅದೇ ಅಳತೆ. ನಾನು ಆ ಪಾದವನ್ನು ಒರೆಸಿ ಕಪಾಟಿನಲ್ಲಿ ಇಟ್ಟೆ, ಮೇಜಿನ ಮೇಲೆ ಇಟ್ಟುಕೊಂಡು ಊಟ ಮಾಡಲು ಆಗಲಿಲ್ಲ.

ಅವತ್ತಿನಿಂದ ಬೇಡ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಹೋಗು ಎನ್ನಲು ಹೋಗಿ, ಊಟಕ್ಕೆ ಬಾ ಎಂದುಬಿಡುತ್ತೇನೆ. ಅಂದರೆ ನಾನೂ ನಿಮ್ಮ ಹಾಗೆ ತಟಸ್ಥಳಾಗಿಬಿಟ್ಟಿದ್ದೇನೆ. ಒಂದು ಮನೆಯಲ್ಲಿ ಅಪ್ಪನ ಮುಂದೆಯೂ ಹಳದಿ ದೀಪ, ಅಮ್ಮನ ಮುಂದೆಯೂ ಹಳದಿ ದೀಪ ಆದರೆ ಮಗಳು ಏನು ಮಾಡಬೇಕು ಹೇಳಿ. ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಸಭೆಯ ಬಾಗಿಲಲ್ಲಿ ಫೋನು ಇಸಿದುಕೊಳ್ಳುತ್ತಾರಂತೆ, ಸರಿ. ಹೊರಗೆ ಬಂದ ಮೇಲೆ ವಾಪಸು ಕೊಡುತ್ತಾರಲ್ಲ.

ಅದಕ್ಕೇ ನಿಮ್ಮದೇ ಅಸ್ತ್ರ ಹಿಡಿದಿದ್ದೇನೆ. ಹೋದ ವರ್ಷ ನೀವು ಬಹಳ ಜಂಬದಿಂದ ಹೇಳಿದ್ದಿರಿ: ಕರಡನ್ನು ಎಲ್ಲರಿಗೂ ಹಂಚಿ ಒಂದು ಗಡುವು ಕೊಡುತ್ತಾರೆ, ಅಷ್ಟರೊಳಗೆ ಯಾರೂ ತುಟಿ ಪಿಟಕ್ಕೆನ್ನದಿದ್ದರೆ ಎಲ್ಲರೂ ಒಪ್ಪಿದರು ಎಂದೇ ಲೆಕ್ಕ, ಹಾಗೆಯೇ ಒಪ್ಪಂದದ ಒಂದು ಇಡೀ ಕಲಮನ್ನು ನೀವು ದಾಟಿಸಿದಿರಿ ಎಂದು. ಈಗ ನನ್ನ ಕರಡು ಕೇಳಿ. ‘ನಮ್ಮ ಮಗಳು ಕಣಿವೆಗೆ ಹೋಗಬಹುದು.’ ಅಷ್ಟೇ ಇರುವುದು, ಅದರಲ್ಲಿ ಕಳವಳವೂ ಇಲ್ಲ, ಸಂಯಮವೂ ಇಲ್ಲ. ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ನಿಮ್ಮಿಂದ ಆಕ್ಷೇಪ ಬಾರದಿದ್ದರೆ ಮನೆ ಒಪ್ಪಿತು ಎಂದು ನಾನು ಅವಳಿಗೆ ಹೇಳುತ್ತೇನೆ. ಸಂಜೆಯ ರೈಲಿಗೆ ಅವಳ ಟಿಕೆಟ್ ಇದೆ. ಈ ಕಾಗದ ಇಲಾಖೆಯ ಮೊಹರು ಹಾಕಿದ ಚೀಲದಲ್ಲೇ ಬರುತ್ತದೆ, ಬುಧವಾರ ನಿಮ್ಮ ಕೈಯಲ್ಲಿರುತ್ತದೆ. ಸಿಗಲಿಲ್ಲ ಎನ್ನುವ ಹಾಗಿಲ್ಲ.

ಉಳಿದಂತೆ ಎಲ್ಲ ಕ್ಷೇಮ. ರಾತ್ರಿ ಕಿಟಕಿ ತೆಗೆದಿಟ್ಟು ಮಲಗಬೇಡಿ. ಎರಡೂ ಕಡೆಯವರು ಕೊಡುವ ಕಾಫಿ ಕುಡಿಯಲೇಬೇಕು ಎಂದೇನಿಲ್ಲ, ನಿದ್ದೆ ಕೆಡುತ್ತದೆ. ನಿಮ್ಮ ಮಾತುಕತೆ ಫಲಿಸಲಿ, ಆ ನಕ್ಷೆಗಳು ಬೇಗ ಹೊರಗೆ ಬರಲಿ ಎಂದು, ಇಷ್ಟೆಲ್ಲ ಸಿಟ್ಟಿನ ನಡುವೆಯೂ, ಮನಸಾರೆ ಹಾರೈಸುತ್ತೇನೆ.

ನಿಮ್ಮ
ಮನೆಯಾಕೆ

ಮರೆತಿದ್ದು: ಇಲಾಖೆಯ ಚೀಲ ಒಯ್ಯುವ ಡ್ರೈವರ್ ಬಾಗಿಲಲ್ಲಿ ನಿಂತಿದ್ದಾರೆ, ಎರಡು ನಿಮಿಷ ಕಾಯಿರಿ ಎಂದಿದ್ದೇನೆ. ನಿಮಗೆ ಹೇಳಬಾರದು ಎಂದು ಪಿಟೀಲು ಆಣೆ ಹಾಕಿಸಿದ್ದಳು, ಹೇಳುತ್ತಿದ್ದೇನೆ. ಬೆಳಿಗ್ಗೆ ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ ಅಂದಳು: ‘ಅಪ್ಪ ಬೇಡ ಅಂದ್ರೂ ನಾನು ಹೋಗೋದೇ ಅಮ್ಮ. ಆದ್ರೆ ಒಂದ್ಸಲ ಬೇಡ ಅನ್ಲಿ. ಅವರಿಗೂ ಭಯ ಆಗುತ್ತೆ ಅಂತ ನನಗೆ ಗೊತ್ತಾಗ್ಲಿ.’ ಆದ್ದರಿಂದ ದಯವಿಟ್ಟು ಗುರುವಾರ ಹನ್ನೆರಡರೊಳಗೆ ಫೋನು ಮಾಡಿ ಆಕ್ಷೇಪಿಸಿ. ಅವಳು ಹೇಗಿದ್ದರೂ ಹೋಗುತ್ತಾಳೆ. ಆದರೂ ಆಕ್ಷೇಪಿಸಿ.