ಕುದಿಸಿದ ಹಾಲು

ಮಾರ್ಚ್ 11, ಮಂಗಳವಾರ

ಸಾರಿ, ಎರಡು ವಾರ ಒಂದಕ್ಷರ ಬರೆಯದೆ ಈಗ ಗೋಳು ಹೇಳಿಕೊಳ್ಳೋಕೆ ಈ ಪುಸ್ತಕ ತೆಗೆದಿದ್ದೀನಿ. ಚೀಸ್ ಆಗಲಿಲ್ಲ.

ದೊಡ್ಡಮ್ಮ ತನ್ನ ಚೀಸ್ ಅಂಗಡಿಯಿಂದ ಒಂದು ಚಿಕ್ಕ ಬಾಟಲಿ ರೆನೆಟ್ ಕೊಟ್ಟಿದ್ದಳು. ಹಾಲನ್ನು ಗಟ್ಟಿ ಮಾಡೋದು ಅದೇ. "ಒಂದು ಸಲ ನೀನೇ ಮಾಡಿ ಫೋಟೋ ಕಳಿಸು, ರಜೆಗೆ ಕೆಲಸಕ್ಕೆ ಕರ್ಕೋತೀನಿ" ಅಂದಿದ್ದಳು. ಕ್ಲಾಸಿನಲ್ಲಿ ಏನೂ ತಲೆಗೆ ಹೋಗ್ತಿಲ್ಲ. ಆ ರಜೆಯೊಂದನ್ನೇ ನೆಚ್ಚಿಕೊಂಡು ದಿನ ದೂಡ್ತಿದ್ದೀನಿ.

ಹಾಸ್ಟೆಲ್ ಪ್ಯಾಂಟ್ರಿಯಲ್ಲಿ ಎರಡು ಲೀಟರ್ ಹಾಲನ್ನು ಮೊದಲು ಚೆನ್ನಾಗಿ ಉಕ್ಕಿಸಿದೆ. ಹಸಿ ಹಾಲು ಅಂದ್ರೆ ಅಮ್ಮ ಹಾವು ಕಂಡ ಹಾಗೆ ಆಡ್ತಾಳೆ, ನನಗೂ ಅದೇ ಅಭ್ಯಾಸ. ಆರಿಸಿ, ರೆನೆಟ್ ಹಾಕಿ, ಮೂರು ಗಂಟೆ ಕಾದೆ. ಹಾಲು ಹಾಲಾಗೇ ಇತ್ತು. ಆಮೇಲೆ ಬಾಟಲಿ ಜೊತೆ ದೊಡ್ಡಮ್ಮ ಕೊಟ್ಟಿದ್ದ ಚೀಟಿ ತಿರುಗಿಸಿ ನೋಡಿದ್ರೆ, ಹಿಂದುಗಡೆ ಬರೆದಿದ್ದಾಳೆ: ಕುದಿಸಿದ ಹಾಲು ಗಟ್ಟಿಯಾಗಲ್ಲ, ಬೆಚ್ಚಗೆ ಮಾಡಿದ್ರೆ ಸಾಕು.

ರೂಮ್‌ಮೇಟ್ ಪಾತ್ರೆಗೆ ಇಣುಕಿ, "ಇದನ್ನ ತಿನ್ನೋದಾ, ಕುಡಿಯೋದಾ?" ಅಂದಳು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಹೋಗ್ಲಿ ಬಿಡೆ, ಅಂಗಡಿದು ತಂದು ಫೋಟೋ ಹೊಡಿ. ಯಾರಿಗೆ ಗೊತ್ತಾಗುತ್ತೆ?"

ದೊಡ್ಡಮ್ಮನಿಗೆ ಗೊತ್ತಾಗುತ್ತೆ. ಗೊತ್ತಾಗದಿದ್ರೆ ಇನ್ನೂ ಕಷ್ಟ, ರಜೆ ಪೂರ್ತಿ ಅವಳ ಪಕ್ಕದಲ್ಲಿ ನಿಂತು ಚೀಸ್ ಮಾಡೋಕೆ ಬರೋವಳ ಹಾಗೆ ನಟಿಸಬೇಕು.

ತುಂಬಾ ಟಯರ್ಡ್. ಪಾತ್ರೆ ಕೂಡ ತೊಳೆದಿಲ್ಲ. ಮೆಸೇಜನ್ನು ಮೂರು ಸಲ ಅಳಿಸಿ, ಕೊನೆಗೆ ಇಷ್ಟು ಕಳಿಸಿದೆ: "ದೊಡ್ಡಮ್ಮ, ಹಾಲು ಕುದಿಸಿಬಿಟ್ಟೆ. ಬಾಟಲಿಯಲ್ಲಿ ಇನ್ನೊಂದು ಸಲಕ್ಕೆ ಆಗೋಷ್ಟಿದೆ. ಮತ್ತೆ ಮಾಡಲಾ? ಬೇಗ ಹೇಳು."