ಅಕ್ಷರದ ತಲೆಯ ಮೇಲೆ ನಿಂತ ಸಾಹೇಬರಿಗೆ

ಸಮುದಾಯ ಭವನದ ಉಸ್ತುವಾರಿ ಹೊತ್ತ ಮಾನ್ಯ ಸಾಹೇಬರೇ,

ನಮ್ಮ ಓಣಿಯ ಸಮುದಾಯ ಭವನದ ಅಂಗಳಕ್ಕೆ ತಾವು ಬೀಗ ಜಡಿಸಿದ್ದೀರಿ. ಮಕ್ಕಳು ತಮ್ಮನ್ನು ಕಂಡು ‘ಖಾ!’ ಎಂದು ಕ್ಯಾಕರಿಸಿ ಅವಮಾನ ಮಾಡಿದರು ಎಂಬುದು ತಮ್ಮ ದೂರು. ಆ ಸಂಜೆ ಎದುರಿನ ಹಿಟ್ಟಿನ ಗಿರಣಿಯಲ್ಲಿ ಕುಳಿತು ಎಲ್ಲವನ್ನೂ ಕಣ್ಣಾರೆ ಕಂಡವಳು ನಾನು, ಆ ಗಿರಣಿಯ ಒಡತಿ. ಮಕ್ಕಳು ತಮ್ಮನ್ನು ಅವಮಾನಿಸಲಿಲ್ಲ ಸಾಹೇಬರೇ, ಓದಿದರು. ತಮ್ಮ ದೀರ್ಘ ಸೇವಾವಧಿಯಲ್ಲಿ ಸಾರ್ವಜನಿಕರು ತಮ್ಮನ್ನು ಅಷ್ಟು ಸರಿಯಾಗಿ ಓದಿದ್ದು ಅದೇ ಮೊದಲಿರಬೇಕು.

ಹೇಗೆ ಓದಿದರೆಂದು ಹೇಳಬೇಕಾದರೆ ತಾಹೇರಾಳಿಂದ ಶುರು ಮಾಡಬೇಕು. ಓಣಿಯ ಸಣ್ಣ ಮಕ್ಕಳಿಗೆ ಸಂಜೆ ಹೊತ್ತು ಅರಬಿ ಅಕ್ಷರ ಕಲಿಸುವ ಹುಡುಗಿ ಆಕೆ. ಮಕ್ಕಳಿಗೆ ಆಪಾ, ಅಂದರೆ ಅಕ್ಕ. ಮೊದಲು ತನ್ನ ಮನೆಯಲ್ಲಿಯೇ, ಎಲ್ಲರೂ ಕಲಿಸುವ ಹಾಗೆಯೇ, ಸಾಲಾಗಿ ಕೂರಿಸಿ ಬಾಯಿಪಾಠ ಮಾಡಿಸುತ್ತಿದ್ದಳು. ಅದರ ಫಲವೆಂದರೆ, ಮಸ್ತಾನ್ ಎಂಬ ಐದು ವರ್ಷದ ಪೋರ ಪಾಠದ ಹೊತ್ತಾಯಿತೆಂದರೆ ಮಂಚದ ಕೆಳಗೆ ಸೇರುತ್ತಿದ್ದ. ಅವನ ಅಪ್ಪ ಹಾಜಿಮಲಂಗ್ ಕಾಲು ಹಿಡಿದು ಎಳೆದರೆ ಮಂಚವೂ ಜೊತೆಗೆ ಬರುತ್ತಿತ್ತು. ಒಂದು ದಿನ ತಾಹೇರಾ ಗಿರಣಿಗೆ ಬಂದು ತಲೆಯ ಮೇಲೆ ಕೈ ಹೊತ್ತು ಕುಳಿತಳು.

“ಅಮ್ಮಾ, ಈ ಹುಡುಗ್ರಿಗಿ ಕುಂದ್ರಸೋದ್ರಾಗೇ ನನ್ನ ಜೀವ ಹೋಗ್ಲಿಕತ್ತದ್ರಿ. ಇನ್ನ ಕಲಸೋದು ಯಾವಾಗ?”

“ಅವು ಕುಂದ್ರಲ್ಲಂದ್ರ ನೀ ಯಾಕ ಕುಂದ್ರಸ್ತಿ? ಓಡಲಿ ಬಿಡು,” ಎಂದೆ. ಜೋಳ ಸುರಿಯುವ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಹೇಳಿದ್ದೆ, ಅಷ್ಟೇ. ಆಕೆ ಮನಸ್ಸಿಗೆ ತೆಗೆದುಕೊಂಡಳು.

ಮರುದಿನ ಭವನದ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಮಂಚದಷ್ಟು ದೊಡ್ಡ ದೊಡ್ಡ ಅಕ್ಷರಗಳು ಬಿದ್ದವು. ಅರಬಿಯಲ್ಲಿ ಎಷ್ಟೋ ಅಕ್ಷರಗಳಿಗೆ ಮೈ ಒಂದೇ, ಚುಕ್ಕೆ ಮಾತ್ರ ಬೇರೆಯಂತೆ. ಆ ಚುಕ್ಕೆಗೆ ನುಕ್ತಾ ಎನ್ನುತ್ತಾರೆ. ತಾಹೇರಾ ಮೈಯನ್ನು ಮಾತ್ರ ಬರೆದು, ಚುಕ್ಕೆಯಾಗುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿದಳು. ಡೊಳ್ಳು ಹೊಟ್ಟೆಯ ಒಂದು ಅಕ್ಷರವಿದೆ. ಖಾಲಿ ಇದ್ದರೆ ಅದು ‘ಹಾ’. ಮಗುವೊಂದು ಓಡಿಬಂದು ಹೊಟ್ಟೆಯೊಳಗೆ ಕುಕ್ಕರಗಾಲಲ್ಲಿ ಕುಳಿತರೆ ‘ಜೀಮ್’. ಅದೇ ಮಗು ಎದ್ದು ಅಕ್ಷರದ ತಲೆಯ ಮೇಲೆ ನಿಂತರೆ ‘ಖಾ’. ಯಾವ ಅಕ್ಷರವಾಯಿತೋ ಅದನ್ನು ಉಳಿದವರು ಓಣಿ ಹಾರಿಹೋಗುವಂತೆ ಕೂಗಬೇಕು. ‘ಸೀನ್’ ಬಂದರೆ ಎಲ್ಲರೂ ಸೇರಿ ‘ಆಕ್ಷೀ’ ಎಂದು ಸೀನುತ್ತಿದ್ದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ‘ದಾಲ್’ ಬಂದ ದಿನ ಮಸ್ತಾನ್ ಮನೆಯಿಂದ ಅಂಗಿಯ ಉಡಿ ತುಂಬ ತೊಗರಿಬೇಳೆ ತಂದು ಗೆರೆಯುದ್ದಕ್ಕೂ ಸುರಿದ. ಅವರಮ್ಮ ಹಿಂದೆಯೇ ಓಡಿಬಂದಳು. ಸಿಟ್ಟಿನಿಂದ ಬಂದವಳು ಅಕ್ಷರ ನೋಡಿ, ನಕ್ಕು, ಬೇಳೆ ಬಳಿದುಕೊಂಡು ಹೋದಳು. ಅವತ್ತು ಅವರ ಮನೆಯಲ್ಲಿ ಅಕ್ಷರವೇ ಬೆಂದಿತು. ಮಂಚದ ಕೆಳಗಿನ ಜಾಗ ಅಂದಿನಿಂದ ಬೆಕ್ಕಿನ ಪಾಲಾಯಿತು.

ನನ್ನ ಮೊಮ್ಮಗಳು ಐಶ್ವರ್ಯಳೂ ಇದಕ್ಕೆ ಸೇರಿಬಿಟ್ಟಳು. ಒಂದು ಸಂಜೆ ತಾಹೇರಾ ಏದುಸಿರು ಬಿಡುತ್ತ ಬಂದಳು. “ಅಮ್ಮಾ, ಶೀನ್‌ಗೆ ಮೂರು ಚುಕ್ಕಿ ಬೇಕ್ರಿ, ಒಂದು ಕಮ್ಮಿ ಬಿದ್ದದ. ಐಶ್ವರ್ಯಾಗ ಕಳಸ್ತೀರೇನ್ರಿ?”

“ಒಯ್ಯಿ ತಾಯಿ. ಊಟದ ಹೊತ್ತಿಗಿ ಚುಕ್ಕಿ ವಾಪಸ್ ಬರ್ಬೇಕು ನೋಡು.”

ಹಣೆಯ ತುಂಬ ವಿಭೂತಿ ಇಟ್ಟುಕೊಂಡ ನಮ್ಮ ಚುಕ್ಕೆ ಅಕ್ಷರದ ತಲೆಯ ಮೇಲೆ ಹೋಗಿ ಕುಳಿತಿತು. ಇದರಿಂದ ಅಕ್ಷರಕ್ಕಾಗಲಿ ವಿಭೂತಿಗಾಗಲಿ ಏನಾದರೂ ಆಯಿತೇ? ಆದದ್ದನ್ನು ಯಾರೂ ಕಂಡಿಲ್ಲ. ತಾವೇನಾದರೂ ಕಂಡಿದ್ದರೆ ದಯವಿಟ್ಟು ತಿಳಿಸುವುದು.

ಹೀಗಿರುವಾಗ ತಾವು ದಯಮಾಡಿಸಿದಿರಿ. ಮೊಬೈಲು ಕಿವಿಗೆ, ಕಣ್ಣು ಆಕಾಶಕ್ಕೆ. ಅಂಗಳದ ನಡುವೆ ಖಾಲಿ ‘ಹಾ’ ಚುಕ್ಕೆಗಾಗಿ ಕಾಯುತ್ತಿತ್ತು. ತಾವು ಮಾತಿನ ಭರದಲ್ಲಿ ನಡೆದು ನಡೆದು ಸರಿಯಾಗಿ ಅದರ ತಲೆಯ ಮೇಲೆ ಬಂದು ನಿಂತಿರಿ. ಮಕ್ಕಳು ಒಂದು ಗಳಿಗೆ ಬಾಯಿ ಬಿಟ್ಟು ನೋಡಿದರು. ಇಷ್ಟು ದೊಡ್ಡ ನುಕ್ತಾ ಅವರಿಗೆ ಎಂದೂ ಸಿಕ್ಕಿರಲಿಲ್ಲ! ಮರುಕ್ಷಣ ಎಲ್ಲರೂ ಗಂಟಲಾಳದಿಂದ “ಖಾ!” ಎಂದು ಕೂಗಿ ಚಪ್ಪಾಳೆ ತಟ್ಟಿದರು. ತಮ್ಮ ಮೊಬೈಲು ಕೆಳಗೆ ಬಿತ್ತು. ತಾಹೇರಾ ಓಡಿಬಂದು, “ಸಾಹೇಬ್ರ, ಸಿಟ್ಟಾಗಬ್ಯಾಡ್ರಿ, ಅದು ಅಕ್ಷರರಿ,” ಎಂದಳು. ನನ್ನ ಮೊಮ್ಮಗಳು ಇನ್ನೂ ಸಹಾಯ ಮಾಡಲೆಂದು, “ನೀವು ಹೊಟ್ಟ್ಯಾಗ ಬಂದು ಕುಂದ್ರಿ, ಜೀಮ್ ಆಗ್ತೀರಿ,” ಎಂದಳು. ಇದಕ್ಕಿಂತ ಗೌರವದ ಆಹ್ವಾನ ಇನ್ನೇನಿದ್ದೀತು? ತಾವು ಮಾತ್ರ ಕೆಂಪಗಾಗಿ ಹೊರಟುಹೋದಿರಿ. ಮರುದಿನ ಗೇಟಿಗೆ ಬೀಗ, ಬೀಗದ ಮೇಲೊಂದು ಫಲಕ: ‘ಅಂಗಳದಲ್ಲಿ ಅನುಮಾನಾಸ್ಪದ ಚಿಹ್ನೆ ಬರೆಯುವುದು, ಕೂಗುವುದು, ಕುಣಿಯುವುದು ನಿಷಿದ್ಧ.’ ಕೂಗದ, ಕುಣಿಯದ ಮಕ್ಕಳನ್ನು ಎಲ್ಲಿಂದ ತರಿಸಿಕೊಳ್ಳುವ ಆಲೋಚನೆ ತಮ್ಮದು ಎಂದು ಫಲಕದಲ್ಲಿ ತಿಳಿಸಿಲ್ಲ.

ತಾಹೇರಾ ಅಂದೇ ಕೈಚೆಲ್ಲಿದಳು. “ಬ್ಯಾಡಮ್ಮಾ, ನನ್ನ ಸಲುವಾಗಿ ಓಣ್ಯಾಗ ತಕರಾರು ಬ್ಯಾಡ.” ಹಟ ಮಾಡಿದವಳು ನಾನು. “ನಮ್ಮ ಗಿರಣಿ ಮುಂದ ಜಾಗ ಅದ. ನಮ್ಮ ಕಲ್ಲಿಗಿ ಯಾವ ಸಾಹೇಬ್ರೂ ಕೀಲಿ ಹಾಕಲ್ಲ, ಬಾರ ನೀ,” ಎಂದು ಎಳೆದು ತಂದೆ. ಏನು ಸಂಭ್ರಮ ಆಗ! ಜೋಳ ಬೀಸಿಸಲು ಬಂದವರೆಲ್ಲ ಚುಕ್ಕೆಗಳಾದರು. ದೇವಿಂದ್ರಪ್ಪ ಎಂಬ ಹಿರಿಯ ರೈತ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು ‘ನೂನ್’ ಎಂಬ ಬಟ್ಟಲಿನಂಥ ಅಕ್ಷರದೊಳಗೆ ಕುಳಿತರು. ಹಿಟ್ಟು ತಯಾರಾಯಿತು, ಏಳಿರಿ ಎಂದರೆ, “ತಡಿಯಬೇ, ಹುಡುಗ್ರು ಇನ್ನಾ ನನಗ ಓದಿಲ್ಲ,” ಎಂದರು. ಗಿರಣಿಯ ಸದ್ದನ್ನು ಮೀರಿ ಓಣಿ ನಕ್ಕಿತು. ನನ್ನ ಗೆಲುವಿನ ಅಮಲಿನಲ್ಲಿ ಒಂದನ್ನು ಮರೆತಿದ್ದೆ: ಗಿರಣಿಯ ಮುಂದಿರುವುದು ಅಂಗಳವಲ್ಲ, ರಸ್ತೆ.

ಕಳೆದ ವಾರ ‘ಬಾ’ ಎಂಬ ಅಕ್ಷರದ ಕೆಳಗಿನ ಚುಕ್ಕೆಯಾಗಿ ಮಸ್ತಾನ್ ರಸ್ತೆಯ ಅಂಚಿನಲ್ಲಿ ಕುಳಿತಿದ್ದ. ತೊಗರಿ ಚೀಲ ಹೇರಿದ ಟ್ರ್ಯಾಕ್ಟರೊಂದು ತಿರುವಿನಲ್ಲಿ ಬಂತು. ಎಲ್ಲರೂ ಕಿರುಚಿದೆವು. ಹುಡುಗ ಕದಲಲಿಲ್ಲ. ಬ್ರೇಕು ಒದರಿ ಗಾಲಿ ನಿಂತಾಗ ಅವನಿಗೂ ಅದಕ್ಕೂ ನಡುವೆ ಒಂದು ಮೊಳವಿತ್ತು. ತಾಹೇರಾ ಅವನನ್ನು ಬಾಚಿ ಎತ್ತಿ, “ಯಾಕ ಏಳಲಿಲ್ಲೋ?” ಎಂದು ಅತ್ತಳು. ಅವನು ಕಣ್ಣರಳಿಸಿ, “ನಾ ಎದ್ದ್ರ ಅಕ್ಷರ ಕೆಡ್ತದಲ್ಲ, ಆಪಾ?” ಎಂದ. ಡ್ರೈವರ್ ಬೈಯಲು ಇಳಿದವನು ಆ ಮಾತು ಕೇಳಿ ಅಲ್ಲೇ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದ.

ಅಂದಿನಿಂದ ಆಟ ನಿಂತಿದೆ. ಹಾಜಿಮಲಂಗ್ ಮಗನನ್ನು ಹೊರಗೆ ಬಿಡುತ್ತಿಲ್ಲ. ತಾಹೇರಾ ಸಾಲಾಗಿ ಕೂರಿಸಿ ಬಾಯಿಪಾಠಕ್ಕೆ ಮರಳಿದ್ದಾಳೆ, ಅದೂ ತಲೆ ಎತ್ತದೆ. ಸಾಹೇಬರೇ, ಮದುವೆ ಇಲ್ಲದ ದಿನಗಳಲ್ಲಿ ಆ ಅಂಗಳದಲ್ಲಿ ಒಣಗುವುದು ಬಿಸಿಲು ಮಾತ್ರ. ಸೀಮೆಸುಣ್ಣ ಒಂದು ಕೊಡ ನೀರಿಗೆ ಹೋಗುತ್ತದೆ. ತೊಳೆಯುವ ನೀರು ನನ್ನ ಮನೆಯದು, ತೊಳೆಯುವ ಕೈಯೂ ನನ್ನದೇ. ಬರುವ ಸೋಮವಾರದೊಳಗೆ ಗೇಟು ತೆರೆಸಿ, ಫಲಕ ತೆಗೆಸಿ. ತಾಹೇರಾಳ ಮುಂದೆ ನಿಂತು ‘ನಡೆಸು’ ಎಂದು ಒಂದು ಮಾತು ಹೇಳಿ. ಬೀಗ ತೆಗೆದರೂ ಆ ಮಾತಿಲ್ಲದೆ ಆಕೆ ಒಳಗೆ ಕಾಲಿಡಲಾರಳು.

ನಿನ್ನೆ ಮಸ್ತಾನ್ ಅಪ್ಪನ ಜೊತೆ ಹಿಟ್ಟು ಒಯ್ಯಲು ಬಂದಿದ್ದ. ನೆಲದ ಮೇಲಿನ ಹಿಟ್ಟಿನ ಧೂಳಿನಲ್ಲಿ ಬೆರಳಾಡಿಸಿ ದೋಣಿಯಂಥ ಗೆರೆ ಎಳೆದು, ಕೆಳಗೆ ಒಂದು ಚುಕ್ಕೆ ಒತ್ತಿ, “ಬಾ,” ಎಂದ. ಐಶ್ವರ್ಯ ಪಕ್ಕದಲ್ಲೇ ಕುಳಿತು ಕನ್ನಡದಲ್ಲಿ ‘ಬಾ’ ಬರೆದಳು. ಯಾರನ್ನು ಕರೆಯುತ್ತಿದ್ದೀರಿ ಎಂದು ಕೇಳಿದೆ.

“ಕೀಲಿ ಹಾಕ್ಯಾರಲ್ಲ, ಆ ಸಾಹೇಬ್ರಿಗಿ,” ಎಂದ ಮಸ್ತಾನ್.

“ಸಾಹೇಬ್ರಿಗಿ ‘ಬಾ’ ಅನಬಾರ್ದೋ, ‘ಬರ್ರಿ’ ಅನ್ಬೇಕು,” ಎಂದಳು ಇವಳು.

ಅವನು ತನ್ನ ಚುಕ್ಕೆಯನ್ನು ಇನ್ನೊಮ್ಮೆ ಒತ್ತಿದ. “ಅರಬ್ಬಿಯಾಗ ‘ಬರ್ರಿ’ ಅನ್ನೋ ಅಕ್ಷರಾನೇ ಇಲ್ಲ. ಇಷ್ಟಕ್ಕೇ ಬರ್ತಾರೇನು ಕೇಳು.”

ಕೇಳುತ್ತಿದ್ದೇನೆ, ಸಾಹೇಬರೇ.

ಇಂತಿ, ಹಿಟ್ಟಿನ ಕೈಯಲ್ಲೇ ಬರೆದು, ಕಾಗದದ ಮೇಲೆ ಬಿದ್ದ ಬಿಳಿ ಗುರುತುಗಳೂ ಅನುಮಾನಾಸ್ಪದ ಎನಿಸಿಯಾವೇನೋ ಎಂದು ಅಂಜುತ್ತಿರುವ,
ಲಲಿತಾಬಾಯಿ
ಹಿಟ್ಟಿನ ಗಿರಣಿ, ಚಿಂಚೋಳಿ