ತಿರುಗಿ ನೋಡದ ಹೂಡಿಕೆ

ಎಡಿನ್‌ಬರೊ, ಮಂಗಳವಾರ

ಪ್ರೀತಿಯ ಅಪ್ಪ,

ಫೋನ್ ಮಾಡಿದರೆ ನೀವು ಮೀಟಿಂಗಿನಲ್ಲಿದ್ದೀರಿ ಎನ್ನುತ್ತಾರೆ. ಅದಕ್ಕೇ ಈ ಪತ್ರ.

ಕಾಲೇಜಿನ ಪ್ರಬಂಧಕ್ಕೆ ನಿಮ್ಮ ಕೆಲಸದ ಬಗ್ಗೆಯೇ ಬರೆದೆ. ಜಗತ್ತಿಗೆ ವಯಸ್ಸಾಗುತ್ತಿದೆ ಎಂದು ನೀವು ಜಪಾನಿನಿಂದ ಇಟಲಿವರೆಗೆ ವೃದ್ಧಾಶ್ರಮಗಳ ಷೇರು ಕೊಂಡಿದ್ದು, ಕೊಂಡ ಮೇಲೆ ಹತ್ತು ವರ್ಷ ತಿರುಗಿ ನೋಡಬಾರದೆಂಬ ನಿಮ್ಮ ನಿಯಮ, ಎಲ್ಲ.

ಅಜ್ಜಿ ಇರುವ ವೃದ್ಧಾಶ್ರಮಕ್ಕೆ ಹೋಗಿ ಅವಳಿಗೆ ಓದಿ ಹೇಳಿದೆ. "ಏ ಅರ್ಧ ಸ್ಕಾಟಿಷ್, ಅರ್ಧ ಇಂಗ್ಲಿಷಿನವಳೇ, ಈಗ ಗೊತ್ತಾಯ್ತು ಬಿಡು! ನನ್ನನ್ನ ಇಲ್ಲಿ ಹಾಕಿದ ಮೇಲೆ ನಿಮ್ಮಪ್ಪ ಯಾಕೆ ಬಂದಿಲ್ಲ ಅಂತ" ಎಂದು ನಕ್ಕಳು. ನಾನೂ ನಕ್ಕೆ. ಏನೂ ಅನ್ನಿಸಲಿಲ್ಲ.

ಅಜ್ಜಿ ಈ ತಿಂಗಳು ದಾಟುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ. ಲಂಡನ್ನಿನಿಂದ ಬೆಳಗಿನ ರೈಲು ಹತ್ತಿ ಬನ್ನಿ. ಅವಳಿಗೆ ಉಣ್ಣೆಯ ಕಾಲುಚೀಲ ತನ್ನಿ.

ಬರಲಾಗದಿದ್ದರೆ ತಿಳಿಸಬೇಡಿ. ಅಪ್ಪ ರೈಲಿನಲ್ಲಿದ್ದಾರೆ ಎಂದು ಅಜ್ಜಿಗೆ ಹೇಳುವುದು ಆಗ ನನಗೆ ಸುಲಭ.

ನಿಮ್ಮ ಮಗಳು,
ಕಿರ್ಸ್ಟಿ